ಕೊಂದದ್ದು ಪಾತ್ರ, ಮುನಿಸಿಕೊಂಡದ್ದು ಆಟಗಾರ

ಓದುಗರ ಪ್ರಶ್ನೆ: ನಾವು ಐದು ಮಂದಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರಗಳಾಗಿ ಕಥೆ ಕಟ್ಟುತ್ತ, ದಾಳ ಉರುಳಿಸಿ ಆಡುವ ಮೇಜಿನ ಆಟ) ಐದನೇ ಆವೃತ್ತಿ ಆಡುತ್ತೇವೆ, 2014ರ ನಿಯಮಗಳ ಪ್ರಕಾರ. ನಾಲ್ವರು ಆಟಗಾರರು, ನಾನು ಡಿಎಂ, ಅಂದರೆ ಕಥೆ ನಡೆಸಿ ತೀರ್ಪು ಕೊಡುವ ಡಂಜನ್ ಮಾಸ್ಟರ್. ಪಾರ್ಟಿಯಲ್ಲಿ, ಅಂದರೆ ಪಾತ್ರಗಳ ತಂಡದಲ್ಲಿ, ಪ್ಯಾಲಡಿನ್ (ಪ್ರತಿಜ್ಞೆಗೆ ಬದ್ಧನಾದ ಯೋಧ), ರೋಗ್ (ಕಳ್ಳನ ಚಾಲಾಕಿಯವನು), ಕ್ಲೆರಿಕ್ (ದೈವಶಕ್ತಿಯ ಪುರೋಹಿತ), ವಿಝರ್ಡ್ (ಮಂತ್ರವಾದಿ) ಇದ್ದಾರೆ, ಎಲ್ಲರೂ ಐದನೇ ಲೆವೆಲ್. ಕಳೆದ ಸೆಷನ್‌ನಲ್ಲಿ ಡಕಾಯಿತರ ಗುಂಪೊಂದನ್ನು ಸೋಲಿಸಿದಾಗ ಅವರ ನಾಯಕ ಆಯುಧ ಕೆಳಗಿಟ್ಟು ಶರಣಾದ. ಜೀವಕ್ಕೆ ಅಪಾಯವಿಲ್ಲ ಎಂದು ಪ್ಯಾಲಡಿನ್ ಅವನಿಗೆ ಮಾತು ಕೊಟ್ಟ. ರಾತ್ರಿ ರೋಗ್‌ನ ಕಾವಲು ಸರದಿ ಬಂದಾಗ ಆ ಆಟಗಾರರು "ಅವನ ಕತ್ತು ಕೊಯ್ಯುತ್ತೇನೆ" ಎಂದರು. ಕಟ್ಟಿಹಾಕಿದವನು, ನಿದ್ದೆಯಲ್ಲಿರುವವನು, ದಾಳದ ರೋಲ್ ಯಾಕೆ ಎಂದುಕೊಂಡು ನಾನು "ಸರಿ, ಸತ್ತ" ಎಂದೆ. ಬೆಳಗ್ಗೆ ಪ್ಯಾಲಡಿನ್ ಕತ್ತಿ ಹಿರಿದ, ನಾನು ಇನಿಶಿಯೇಟಿವ್ (ಕಾದಾಟದಲ್ಲಿ ಯಾರ ಸರದಿ ಮೊದಲು ಎಂಬುದು) ರೋಲ್ ಮಾಡಿಸಿದೆ, ಅಷ್ಟರಲ್ಲಿ ಆಟಗಾರರ ನಡುವೆಯೇ ಮಾತಿಗೆ ಮಾತು ಬೆಳೆದು ಸೆಷನ್ ಅಲ್ಲಿಗೇ ನಿಂತಿತು. "ನನ್ನ ಕ್ಯಾರೆಕ್ಟರ್ ಅಂಥವನೇ. ಹಿಂದೆ ಬಿಟ್ಟ ಇಬ್ಬರು ಕೈದಿಗಳೂ ತಿರುಗಿ ಬಂದು ನಮ್ಮ ಮೇಲೆಯೇ ಬಿದ್ದರಲ್ಲ" ಎನ್ನುವುದು ರೋಗ್ ಆಡುವವರ ವಾದ. "ಈ ಪಾರ್ಟಿಯಲ್ಲಿ ನನ್ನ ಕ್ಯಾರೆಕ್ಟರ್ ಇರಲಾರ" ಎನ್ನುತ್ತಾರೆ ಪ್ಯಾಲಡಿನ್ ಆಡುವವರು. ಉಳಿದಿಬ್ಬರು ಏನೂ ಹೇಳುತ್ತಿಲ್ಲ. ಇವಿಲ್ ಅಲೈನ್‌ಮೆಂಟ್ (ಪಾತ್ರದ ಹಾಳೆಯಲ್ಲಿ ಬರೆಯುವ 'ಕೆಟ್ಟ ಸ್ವಭಾವ' ಎಂಬ ಗುರುತು) ನಿಷೇಧಿಸಲೇ? ಇಬ್ಬರೂ ಕಾದಾಡಿ ತೀರ್ಮಾನ ಮಾಡಿಕೊಳ್ಳಲಿ ಎಂದು ಬಿಡಲೇ? ಕೊಟ್ಟ ಮಾತು ಮುರಿದದ್ದಕ್ಕೆ ಪ್ಯಾಲಡಿನ್‌ನ ಶಕ್ತಿ ಕಿತ್ತುಕೊಳ್ಳಬೇಕೇ?

ಉತ್ತರ: ನೀವು ಕೇಳಿರುವ ಮೂರೂ ಪ್ರಶ್ನೆಗಳು ಪಾತ್ರಗಳ ಬಗ್ಗೆ ಇವೆ. ಆದರೆ ನಿಮ್ಮನ್ನು ಕಾಡುತ್ತಿರುವುದು ಆಟಗಾರರ ವಿಷಯ ಎಂದು ಪ್ರಶ್ನೆ ಓದಿದವರಿಗೆ ತಿಳಿಯುತ್ತದೆ. ಇಬ್ಬರು ಮುನಿಸಿಕೊಂಡಿದ್ದಾರೆ, ಇಬ್ಬರು ಬಾಯಿ ಬಿಡುತ್ತಿಲ್ಲ, ಮುಂದಿನ ಸೆಷನ್‌ಗೆ ಯಾರು ಬರುತ್ತಾರೋ ಎಂಬ ಅಳುಕು ನಿಮಗಿದೆ. ಇದು ಸರಿಹೋಗುವಂಥದ್ದೇ. ಆದರೆ ನೀವು ಹೇಳಿರುವ ಮೂರು ದಾರಿಗಳಿಂದ ಸರಿಹೋಗುವುದಿಲ್ಲ.

ಶರಣಾದ ಶತ್ರುವನ್ನು ಏನು ಮಾಡುವುದು ಎನ್ನುವುದು ಈ ಆಟದಲ್ಲಿ ಹುಟ್ಟಬಹುದಾದ ಅತ್ಯಂತ ಒಳ್ಳೆಯ ಪ್ರಶ್ನೆಗಳಲ್ಲೊಂದು. ಒಬ್ಬ ಕೊಟ್ಟ ಮಾತಿಗೆ ಇಡೀ ಪಾರ್ಟಿ ಬದ್ಧವೇ? ನಾಳೆ ಯಾವುದೋ ಹಳ್ಳಿಯ ಮೇಲೆ ಬೀಳಬಹುದಾದವನನ್ನು ಇಂದು ಉಳಿಸುವುದು ದಯೆಯೋ ಬೇಜವಾಬ್ದಾರಿಯೋ? ನಾಲ್ಕು ಪಾತ್ರಗಳು ಕೂತು ಇದನ್ನು ವಾದಿಸಿದ್ದರೆ ನಿಮ್ಮ ಕ್ಯಾಂಪೇನ್‌ನಲ್ಲಿ (ಸೆಷನ್‌ಗಳುದ್ದಕ್ಕೂ ಸಾಗುವ ಕಥೆಯಲ್ಲಿ) ಬಹುಕಾಲ ನೆನಪಿಡುವ ಸೆಷನ್ ಅದಾಗುತ್ತಿತ್ತು. ಆ ವಾದ ನಡೆಯಲೇ ಇಲ್ಲ. "ಕೊಯ್ಯುತ್ತೇನೆ" ಎಂಬ ಮಾತಿಗೂ "ಸತ್ತ" ಎಂಬ ಮಾತಿಗೂ ನಡುವೆ ಒಂದು ಉಸಿರಿನಷ್ಟೂ ಬಿಡುವಿರಲಿಲ್ಲ. ಆ ಹೊತ್ತಿನಲ್ಲಿ ಪ್ಯಾಲಡಿನ್ ನಿದ್ದೆಯಲ್ಲಿದ್ದ, ನಿಜ. ಆದರೆ ಪ್ಯಾಲಡಿನ್ ಆಡುವವರು ಎಚ್ಚರವಾಗಿ ಮೇಜಿನ ಎದುರು ಕೂತಿದ್ದರು. ತಮ್ಮ ಪಾತ್ರ ಕೊಟ್ಟ ಮಾತು ಮಣ್ಣುಪಾಲಾಗುವುದನ್ನು ಸುಮ್ಮನೆ ನೋಡುವುದು ಬಿಟ್ಟು ಅವರಿಗೆ ಬೇರೆ ಕೆಲಸವೇ ಉಳಿಯಲಿಲ್ಲ. ಅವರ ಸಿಟ್ಟಿಗೆ ಮೂಲ ಇದು. ಡಕಾಯಿತ ಸತ್ತದ್ದು ಅದರ ನಂತರದ ಮಾತು.

ಇದನ್ನು ಒಪ್ಪಿಕೊಂಡರೆ ಉಳಿದದ್ದಕ್ಕೆ ದಾರಿ ಕಾಣುತ್ತದೆ. ಪಾತ್ರಗಳು ಎಷ್ಟು ಬೇಕಾದರೂ ಕಚ್ಚಾಡಲಿ. ಆದರೆ ಇನ್ನೊಬ್ಬ ಆಟಗಾರ ಪಣಕ್ಕಿಟ್ಟದ್ದನ್ನು ಅವರಿಗೆ ಒಂದು ಮಾತಿಗೂ ಅವಕಾಶ ಕೊಡದೆ, ಮತ್ತೆ ಸರಿಪಡಿಸಲಾಗದ ಹಾಗೆ ಮುಗಿಸಿಬಿಡಬಾರದು.

ಅಲೈನ್‌ಮೆಂಟ್‌ನ ಮೇಲೆ ಆರೋಪ ಯಾಕೆ ನಿಲ್ಲುವುದಿಲ್ಲ

ಪಾರ್ಟಿಯಲ್ಲಿ ಜಗಳವಾದಾಗಲೆಲ್ಲ ಅಲೈನ್‌ಮೆಂಟ್‌ನತ್ತ ಬೆರಳು ತೋರಿಸುವುದು ಹಳೆಯ ಅಭ್ಯಾಸ, ಅದಕ್ಕೆ ಕಾರಣವೂ ಇದೆ. 1974ರಲ್ಲಿ ಬಂದ ಮೊದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಲಾ (ಕ್ರಮ), ನ್ಯೂಟ್ರಾಲಿಟಿ (ತಟಸ್ಥತೆ), ಕೇಯಾಸ್ (ಅವ್ಯವಸ್ಥೆ) ಎಂಬ ಮೂರೇ ಬಣಗಳಿದ್ದವು. ಗುಡ್ ಮತ್ತು ಇವಿಲ್ ಆಮೇಲೆ ಸೇರಿಕೊಂಡು, 1978ರ ಅಡ್ವಾನ್ಸ್ಡ್ ಆವೃತ್ತಿಯ ಪ್ಲೇಯರ್ಸ್ ಹ್ಯಾಂಡ್‌ಬುಕ್ ಹೊತ್ತಿಗೆ ಈಗ ಎಲ್ಲರಿಗೂ ಗೊತ್ತಿರುವ ಒಂಬತ್ತು ವಿಧಗಳಾದವು. ಆ ಕಾಲದಲ್ಲಿ ಪ್ಯಾಲಡಿನ್ ತಿಳಿದೂ ತಿಳಿದೂ ಕೆಟ್ಟ ಕೆಲಸ ಮಾಡಿದರೆ ಅವನ ಪ್ಯಾಲಡಿನ್ ಪದವಿ ಶಾಶ್ವತವಾಗಿ ಹೋಗುತ್ತಿತ್ತು. 2000ದ ಮೂರನೇ ಆವೃತ್ತಿಯಲ್ಲಿ ಇನ್ನೊಂದು ಕಟ್ಟುಪಾಡೂ ಇತ್ತು: ಇವಿಲ್ ಎಂದು ಗೊತ್ತಿರುವವರ ಜೊತೆ ಪ್ಯಾಲಡಿನ್ ಸೇರಲೇಬಾರದು. ಹಾಗಾಗಿ ಪಾರ್ಟಿಯೊಳಗಿನ ಭಿನ್ನಾಭಿಪ್ರಾಯಕ್ಕೆ ನಿಯಮಪುಸ್ತಕವೇ ಕತ್ತಿ ಕೊಡುತ್ತಿತ್ತು. 2008ರ ನಾಲ್ಕನೇ ಆವೃತ್ತಿ ಶಕ್ತಿ ಕಳೆದುಕೊಳ್ಳುವ ಆ ನಿಯಮವನ್ನು ಬಿಟ್ಟಿತು.

ನೀವು ಆಡುತ್ತಿರುವ ಐದನೇ ಆವೃತ್ತಿಯಲ್ಲಿ ಅಲೈನ್‌ಮೆಂಟ್ ಹೆಚ್ಚುಕಡಿಮೆ ಒಂದು ವಿವರಣೆಯಷ್ಟೇ. 'ಡಿಟೆಕ್ಟ್ ಇವಿಲ್ ಅಂಡ್ ಗುಡ್' ಎಂಬ ಮಂತ್ರ ಕೂಡ ಯಾರ ಮನಸ್ಸು ಕೆಟ್ಟದ್ದು ಎಂದು ತೋರಿಸುವುದಿಲ್ಲ. ಅದು ಪತ್ತೆ ಹಚ್ಚುವುದು ಫೀಂಡ್, ಸೆಲೆಸ್ಟಿಯಲ್, ಅನ್‌ಡೆಡ್, ಫೇ, ಎಲಿಮೆಂಟಲ್, ಅಬರೇಶನ್ ಎಂಬ ಆರು ಜಾತಿಯ ಜೀವಿಗಳನ್ನು. ಎಂಥ ಕ್ರೂರಿಯಾದರೂ ಮನುಷ್ಯ ರೋಗ್ ಅದರ ಕಣ್ಣಿಗೆ ಬೀಳುವುದಿಲ್ಲ.

ರೋಗ್‌ನ ಹಾಳೆಯಲ್ಲಿ ಏನು ಬರೆದಿದೆ ಎಂದು ನೀವು ತಿಳಿಸಿಲ್ಲ, ಅದರಿಂದ ಏನೂ ಬದಲಾಗುವುದೂ ಇಲ್ಲ. ಕಾಡಿನಲ್ಲಿ ಸಿಕ್ಕ ಡಕಾಯಿತನಿಗೆ ಮರಣದಂಡನೆಯೇ ನ್ಯಾಯ ಎಂದು ಲಾಫುಲ್ ಗುಡ್ (ಕ್ರಮಕ್ಕೂ ಒಳ್ಳೆಯತನಕ್ಕೂ ನಿಂತ) ಪಾತ್ರವೂ ಗಟ್ಟಿಯಾಗಿ ವಾದಿಸಬಹುದು. ಇವಿಲ್ ಎಂಬ ಎರಡಕ್ಷರ ಅಳಿಸಿದರೆ ಆಟಗಾರರು ನ್ಯೂಟ್ರಲ್ ಎಂದು ಬರೆದುಕೊಂಡು ಅದನ್ನೇ ಮಾಡುತ್ತಾರೆ. ನಿಷೇಧ ಬೇಕೇಬೇಕು ಎನಿಸಿದರೆ ಹಣೆಪಟ್ಟಿಯನ್ನು ಬಿಟ್ಟು ಕೃತ್ಯವನ್ನು ಹೆಸರಿಸಿ: ಜೊತೆಗಾರರಿಂದ ಕದಿಯುವುದಿಲ್ಲ, ಚಿತ್ರಹಿಂಸೆ ಮಾಡುವುದಿಲ್ಲ, ಪಾರ್ಟಿಯನ್ನು ಶತ್ರುವಿಗೆ ಮಾರುವುದಿಲ್ಲ. ಹೀಗಿದ್ದರೆ ಯಾರಿಗೂ ಗೊಂದಲವಿರುವುದಿಲ್ಲ.

ಪ್ಯಾಲಡಿನ್‌ನ ಪ್ರತಿಜ್ಞೆ

ಶಕ್ತಿ ಕಿತ್ತುಕೊಳ್ಳಬೇಡಿ. ಪ್ರತಿಜ್ಞೆ ಅವನದು, ಕೊಲೆ ಇನ್ನೊಬ್ಬನದು. ಮಲಗಿದ್ದಾಗ ಬೇರೆಯವರು ಮಾಡಿದ ಕೆಲಸಕ್ಕೆ ಪ್ಯಾಲಡಿನ್‌ನ ಪ್ರತಿಜ್ಞೆ ಮುರಿಯುವುದಿಲ್ಲ. ಸ್ವತಃ ತಪ್ಪಿದರೂ 2014ರ ಪುಸ್ತಕ ಮೊದಲು ಹೇಳುವುದು ಪ್ರಾಯಶ್ಚಿತ್ತದ ದಾರಿಯನ್ನೇ: ಅದೇ ನಂಬಿಕೆಯ ಕ್ಲೆರಿಕ್ ಬಳಿ ಕ್ಷಮೆ ಕೇಳುವುದು, ರಾತ್ರಿಯಿಡೀ ಪ್ರಾರ್ಥನೆ, ಉಪವಾಸ ಇಂಥವು. ಬೇಕೆಂದೇ ಮುರಿದು ಪಶ್ಚಾತ್ತಾಪವನ್ನೂ ಪಡದವನಿಗೆ ಮಾತ್ರ ಕ್ಲಾಸ್ (ಪಾತ್ರದ ವರ್ಗ) ಬದಲಾಗುವಂಥ ಪರಿಣಾಮ.

ಶಕ್ತಿ ಕೀಳುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಂದು ಪ್ರಶ್ನೆ: ಅವನದು ಯಾವ ಪ್ರತಿಜ್ಞೆ? ಓಥ್ ಆಫ್ ಡಿವೋಷನ್ (ನಿಷ್ಠೆಯ ಪ್ರತಿಜ್ಞೆ) ಆದರೆ ಆಡಿದ ಮಾತೇ ವಚನ, ಶತ್ರುವಿಗೂ ಕರುಣೆ ತೋರು, ಆದರೆ ವಿವೇಕ ಬಿಡಬೇಡ ಎಂದು ಅದರ ಸೂತ್ರಗಳು ಹೇಳುತ್ತವೆ. 'ವಿವೇಕ ಬಿಡಬೇಡ' ಎಂಬ ಆ ತುಣುಕಿನಲ್ಲಿ ರೋಗ್‌ನ ಜೊತೆ ಮಾತಾಡಲು ಜಾಗವಿದೆ. ಓಥ್ ಆಫ್ ವೆಂಜನ್ಸ್ (ಸೇಡಿನ ಪ್ರತಿಜ್ಞೆ) ಆದರೆ ಸಾಧಾರಣ ಶತ್ರುವಿಗೆ ಕರುಣೆ ಸಿಗಬಹುದು, ಶಪಥ ಮಾಡಿ ಬೆನ್ನಟ್ಟಿದವನಿಗೆ ಸಿಗದು. ಅಂಥ ಪ್ಯಾಲಡಿನ್ ತಾನೇ ಕೈದಿಯನ್ನು ಕೊಲ್ಲುವ ಸಂದರ್ಭವೂ ಬರಬಹುದು. ಸೂತ್ರಗಳನ್ನು ಆಟಗಾರರೇ ಮೇಜಿನಲ್ಲಿ ಓದಿ ಹೇಳಲಿ, ಅರ್ಥ ಬಿಡಿಸುವುದೂ ಅವರಿಗೇ ಇರಲಿ.

ಕತ್ತಿಯಿಂದ ತೀರ್ಮಾನವಾಗುವುದೇನು

ಕಾದಾಡಲು ಬಿಡುವ ಮುನ್ನ ಒಂದು ಲೆಕ್ಕ ನೋಡಿ. ಐದನೇ ಲೆವೆಲ್ ಪ್ಯಾಲಡಿನ್‌ಗೆ ಒಂದು ಸರದಿಗೆ ಎರಡು ಏಟು. 2014ರ ನಿಯಮದಲ್ಲಿ ಎರಡಕ್ಕೂ ಎರಡನೇ ಹಂತದ ಸ್ಲಾಟ್ (ಮಂತ್ರಕ್ಕೆ ಮೀಸಲಾದ ಮಿತ ಶಕ್ತಿ) ಸುರಿದು ಸ್ಮೈಟ್ ಮಾಡಬಹುದು, ಅಂದರೆ ಏಟಿನ ಹಾನಿ ಹೆಚ್ಚಿಸಬಹುದು. ಸ್ಟ್ರೆಂತ್ (ದೇಹಬಲ) 18 ಇದ್ದು ಲಾಂಗ್‌ಸೋರ್ಡ್ ಹಿಡಿದಿದ್ದರೆ ಒಂದೊಂದು ಏಟಿಗೆ 4d8+4 (ನಾಲ್ಕು ಎಂಟುಮುಖದ ದಾಳಗಳ ಮೊತ್ತಕ್ಕೆ ನಾಲ್ಕು ಸೇರಿಸಿ), ಅಂದರೆ ಸರಾಸರಿ 22. ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) 14 ಇರುವ ಐದನೇ ಲೆವೆಲ್ ರೋಗ್‌ನ ಹಿಟ್ ಪಾಯಿಂಟ್ (ಎಷ್ಟು ಹಾನಿ ತಾಳಬಲ್ಲ ಎಂಬ ಅಂಕ) 38. ಎರಡೂ ಏಟು ಬಿದ್ದರೆ 44. ಅನ್‌ಕ್ಯಾನಿ ಡಾಡ್ಜ್ ಬಳಸಿ ಒಂದನ್ನು ಅರ್ಧ ಮಾಡಿಕೊಂಡರೂ 33 ಹೋಗಿ ಐದು ಉಳಿಯುತ್ತದೆ. ಇನಿಶಿಯೇಟಿವ್ ಯಾರಿಗೆ ಮೊದಲು ಬಂತು, ಸ್ಲಾಟ್ ಎಷ್ಟು ಉಳಿದಿದ್ದವು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಯಾರ ವಾದ ಸರಿ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಸೋತವರು ತಮ್ಮ ಪಾತ್ರವನ್ನೂ ಕಳೆದುಕೊಂಡು, ತಪ್ಪು ತಮ್ಮದಲ್ಲ ಎಂಬ ನಂಬಿಕೆಯನ್ನೂ ಉಳಿಸಿಕೊಂಡು ಮನೆಗೆ ಹೋಗುತ್ತಾರೆ.

ಇನ್ನು "ನನ್ನ ಕ್ಯಾರೆಕ್ಟರ್ ಅಂಥವನೇ" ಎಂಬ ಮಾತು. ಇದು ಅರ್ಧ ಸತ್ಯ. ಪಾತ್ರದ ಸ್ವಭಾವಕ್ಕೆ ಹೊಂದುವ ಕೆಲಸ ಯಾವ ಗಳಿಗೆಯಲ್ಲೂ ಒಂದೇ ಇರುವುದಿಲ್ಲ. ಅದೇ ರೋಗ್ ಕೈದಿಯನ್ನು ಬೆದರಿಸಬಹುದಿತ್ತು, ಪ್ಯಾಲಡಿನ್‌ನನ್ನು ಎಬ್ಬಿಸಿ ಜಗಳ ತೆಗೆಯಬಹುದಿತ್ತು, ಕ್ಲೆರಿಕ್‌ನ ಬಳಿ ಗುಟ್ಟಾಗಿ ಸಲಹೆ ಕೇಳಬಹುದಿತ್ತು. ಇವುಗಳಲ್ಲಿ ಒಂದನ್ನು ಆರಿಸಿದ್ದು ಆಟಗಾರರು. ಹಾಗಂತ ಈ ಮಾತು ಆಡಿದವರನ್ನು ಅಪರಾಧಿಯ ಹಾಗೆ ನೋಡಬೇಡಿ. ಮೂಲೆಗೆ ಒತ್ತಿದಂತೆ ಅನಿಸಿದಾಗ ಈ ಮಾತು ಬರುತ್ತದೆ. ಇಲ್ಲಂತೂ ಅದರ ಬೆನ್ನಿಗೆ ಅವರು ಕೊಟ್ಟ ಕಾರಣ ಬಹಳ ಗಟ್ಟಿಯಾದದ್ದು.

ಬಿಟ್ಟ ಇಬ್ಬರೂ ತಿರುಗಿ ಬಂದರು

ನಿಮ್ಮ ಪ್ರಶ್ನೆಯಲ್ಲಿ ಅತ್ಯಂತ ಮುಖ್ಯವಾದ ಸಾಲು ಇದೇ. ಆ ಇಬ್ಬರನ್ನು ತಿರುಗಿ ತಂದದ್ದು ಯಾರು? ನೀವು. ಕಥೆಗೆ ಬಿಸಿ ಬರಲಿ ಎಂದು ಮಾಡಿರುತ್ತೀರಿ, ಅದು ಸಹಜ. ಆದರೆ ಡಿಎಂ ಪಾಠ ಹೇಳುವುದು ಪರಿಣಾಮಗಳ ಮೂಲಕ. ಎರಡಕ್ಕೆ ಎರಡೂ ಸಲ ಕರುಣೆಗೆ ಬಂದ ಫಲ ಹೊಂಚುದಾಳಿಯಾದರೆ, ಕೈದಿಯನ್ನು ಕೊಲ್ಲುವುದೇ ಈ ಲೋಕದಲ್ಲಿ ಬುದ್ಧಿವಂತಿಕೆ ಎಂದು ಎಂಥ ಆಟಗಾರನೂ ಕಲಿಯುತ್ತಾನೆ. ಆಗ ಪ್ಯಾಲಡಿನ್ ದಯಾಳು ಅನಿಸುವುದಿಲ್ಲ, ಪಾರ್ಟಿಗೆ ಅಪಾಯ ತರುವವನಾಗಿ ಕಾಣುತ್ತಾನೆ. ಇಬ್ಬರು ಆಟಗಾರರ ನಡುವಿನ ಮನಸ್ತಾಪಕ್ಕೆ ಬೀಜ ಬಿದ್ದದ್ದು ಅಲ್ಲಿ.

ಆದ್ದರಿಂದ ಇನ್ನು ಮುಂದೆ ಸೆರೆ ಹಿಡಿಯುವುದಕ್ಕೂ ಒಂದು ಬೆಲೆ, ಒಂದು ಲಾಭ ಇರಲಿ. ನಾಲ್ವರು ಕೈದಿಗಳಲ್ಲಿ ಮೂವರಾದರೂ ಮಾತು ಉಳಿಸಿಕೊಳ್ಳಲಿ. ಒಬ್ಬ ದ್ರೋಹ ಮಾಡುವುದಾದರೆ ಅದರ ಸುಳಿವು ಮೊದಲೇ ಸಿಗಲಿ: ಹೆಸರು ಎರಡು ಸಲ ಬೇರೆಬೇರೆ ಹೇಳಿದ, ಯಾರಿಗೋ ಕಾಯುತ್ತಿರುವ ಹಾಗೆ ದಾರಿಯತ್ತ ನೋಡುತ್ತಿದ್ದ. ಬಿಡುಗಡೆಯಾದವನೊಬ್ಬ ಮುಂದೆ ಸುದ್ದಿ ತಂದುಕೊಡಲಿ, ಇನ್ನೊಬ್ಬನಿಗೆ ಅವನ ಕಡೆಯವರು ಒತ್ತೆಹಣ ಕೊಡಲಿ. ಮತ್ತು, ಇದನ್ನು ಬಹಳ ಡಿಎಂಗಳು ಮರೆಯುತ್ತಾರೆ, ಕೈದಿಯನ್ನು ಒಪ್ಪಿಸಲು ಒಂದು ಜಾಗ ಬೇಕು. ಒಂದೆರಡು ದಿನದ ನಡಿಗೆಯೊಳಗೆ ಕಾವಲುಠಾಣೆಯೋ ಮಠವೋ ಇದ್ದು, ಅಲ್ಲಿ ಹೆಸರಿರುವ ಒಬ್ಬ ವ್ಯಕ್ತಿ ಅವನನ್ನು ಕರೆದುಕೊಳ್ಳುವಂತಿರಬೇಕು. ಹತ್ತಿರದ ಊರು ಮೂರು ವಾರದ ದಾರಿ ಎಂದರೆ ನೀವು ಕೊಟ್ಟ ಆಯ್ಕೆ ಎರಡೇ, ಎರಡೂ ಕೆಟ್ಟವು.

ನಿಯಮಗಳಲ್ಲೇ ಸಾಕಷ್ಟು ಸಾಧನಗಳಿವೆ. ಕೈಯಳತೆಯ ಆಯುಧದ ಏಟಿನಿಂದ ಶತ್ರುವನ್ನು ಸೊನ್ನೆಗೆ ಇಳಿಸಿದವರು ಕೊಲ್ಲುವ ಬದಲು ಪ್ರಜ್ಞೆ ತಪ್ಪಿಸಬಹುದು. ಅವನು ಸ್ಥಿರವಾಗಿ ಬಿದ್ದಿದ್ದು 1d4 ಗಂಟೆಯ ನಂತರ ಒಂದು ಹಿಟ್ ಪಾಯಿಂಟ್‌ನೊಂದಿಗೆ ಏಳುತ್ತಾನೆ. ಹಗ್ಗದಲ್ಲಿ ಕಟ್ಟಿದವನು ಹರಿದುಕೊಳ್ಳಲು ಸ್ಟ್ರೆಂತ್ ಡಿಸಿ (ದಾಳದ ರೋಲ್ ಮುಟ್ಟಬೇಕಾದ ಅಂಕ) 17 ಸಾಕು. ಎರಡು ಚಿನ್ನದ ನಾಣ್ಯದ ಕೈಕೋಳ ಹಾಕಿದರೆ ನುಣುಚಿಕೊಳ್ಳಲೂ ಮುರಿಯಲೂ 20 ಬೇಕು. ಪಾರ್ಟಿಯ ಬಳಿ ಒಂದು ಜೊತೆ ಕೋಳ ಇದ್ದಿದ್ದರೆ ರೋಗ್‌ನ ಭಯ ಅರ್ಧ ಇಳಿಯುತ್ತಿತ್ತು. ಜೋನ್ ಆಫ್ ಟ್ರುತ್ ಎರಡನೇ ಹಂತದ ಮಂತ್ರ, ನಿಮ್ಮ ಕ್ಲೆರಿಕ್‌ಗೆ ಸಿಗುತ್ತದೆ, ಡಿವೋಷನ್ ಪ್ಯಾಲಡಿನ್‌ಗೂ ಐದನೇ ಲೆವೆಲ್‌ಗೆ ಬರುತ್ತದೆ. ಹದಿನೈದು ಅಡಿ ತ್ರಿಜ್ಯದೊಳಗೆ ಹತ್ತು ನಿಮಿಷ, ಕರಿಸ್ಮಾ ಸೇವ್ (ಮಂತ್ರ ತಡೆಯಲು ಹಾಕುವ ದಾಳ) ಸೋತವನು ಬೇಕೆಂದು ಸುಳ್ಳು ಹೇಳಲಾರ, ಸೇವ್ ಗೆದ್ದನೋ ಸೋತನೋ ಮಂತ್ರ ಹಾಕಿದವರಿಗೆ ತಿಳಿಯುತ್ತದೆ. "ಬಿಟ್ಟರೆ ಮತ್ತೆ ಬರುತ್ತೀಯಾ?" ಎಂಬುದಕ್ಕೆ ಅವನ ಈಗಿನ ಮನಸ್ಸಷ್ಟೇ ಸಿಗುತ್ತದೆ, ನಾಳೆಯದು ಸಿಗುವುದಿಲ್ಲ. ಜಾರಿಕೊಳ್ಳುವ ಉತ್ತರ ಕೊಡಲೂ ಅವನಿಗೆ ಅವಕಾಶವಿದೆ. ಆದರೂ ನಾಲ್ವರೂ ಒಟ್ಟಿಗೆ ಕೂತು ವಿಚಾರಣೆ ಮಾಡುವ ದೃಶ್ಯ ಹುಟ್ಟುತ್ತದೆ, ಬಾಯಿ ಬಿಡದ ಕ್ಲೆರಿಕ್ ಆಟಗಾರರಿಗೂ ಕೆಲಸ ಸಿಗುತ್ತದೆ.

ಕಾವಲಿನ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಲಾಂಗ್ ರೆಸ್ಟ್‌ನ (ದೀರ್ಘ ವಿಶ್ರಾಂತಿಯ) ಎಂಟು ಗಂಟೆಯಲ್ಲಿ ಒಬ್ಬೊಬ್ಬರು ಎರಡು ಗಂಟೆಗಿಂತ ಹೆಚ್ಚು ಕಾವಲು ಕಾಯುವಂತಿಲ್ಲ. ನಾಲ್ವರ ಪಾರ್ಟಿಗೆ ಲೆಕ್ಕ ಸರಿಯಾಗಿ ಹೊಂದುತ್ತದೆ, ಆದರೆ ಪ್ರತಿಯೊಬ್ಬರೂ ಒಂಟಿಯಾಗಿಯೇ ಕಾಯಬೇಕಾಗುತ್ತದೆ. ಅಂದರೆ ಕೈದಿ ಇದ್ದ ರಾತ್ರಿ ಪ್ರತಿ ಪಾತ್ರಕ್ಕೂ ಅವನ ಜೊತೆ ಎರಡು ಗಂಟೆಯ ಏಕಾಂತ ಖಚಿತ. ಇಂಥ ಕೊಲೆಗಳು ಕಾವಲಿನ ಹೊತ್ತಿನಲ್ಲೇ ಆಗುವುದು ಅದಕ್ಕೇ. ಕೈದಿ ಇರುವ ರಾತ್ರಿ "ನಿಮ್ಮ ಸರದಿಯಲ್ಲಿ ಅವನ ಜೊತೆ ಏನು ಮಾತಾಡುತ್ತೀರಿ?" ಎಂದು ನಾಲ್ವರನ್ನೂ ಕೇಳಿ. ವಿಝರ್ಡ್ ಅವನಿಗೆ ನೀರು ಕೊಟ್ಟು ಹೆಸರು ಕೇಳಿದ ಮೇಲೆ ರೋಗ್‌ನ ಸರದಿ ಬಂದರೆ ಸನ್ನಿವೇಶದ ತೂಕವೇ ಬೇರೆಯಾಗುತ್ತದೆ.

ಮುಂದಿನ ಸೆಷನ್‌ಗೆ ಮೊದಲು

ನಾಲ್ವರಿಗೂ ಬೇರೆಬೇರೆಯಾಗಿ ಫೋನ್ ಮಾಡಿ, ಹತ್ತು ನಿಮಿಷ ಸಾಕು. ಗುಂಪಿನ ಚಾಟ್‌ನಲ್ಲಿ ಈ ಚರ್ಚೆ ಬೇಡ. ಅಲ್ಲಿ ಬರೆದದ್ದು ಉಳಿಯುತ್ತದೆ, ದನಿ ಕೇಳಿಸುವುದಿಲ್ಲ. ರೋಗ್ ಆಡುವವರನ್ನು "ಕೈದಿ ಬದುಕಿದ್ದಿದ್ದರೆ ಏನಾಗುತ್ತಿತ್ತು ಅಂತ ನಿಮಗನಿಸಿತ್ತು?" ಎಂದು ಕೇಳಿ. ಪ್ಯಾಲಡಿನ್ ಆಡುವವರನ್ನು "ಆ ದೃಶ್ಯ ಹೇಗೆ ನಡೆದಿದ್ದರೆ, ಡಕಾಯಿತ ಸತ್ತಿದ್ದರೂ, ನಿಮಗೆ ಒಪ್ಪಿಗೆಯಾಗುತ್ತಿತ್ತು?" ಎಂದು ಕೇಳಿ. ಉಳಿದಿಬ್ಬರಿಗೆ ಪಕ್ಷ ವಹಿಸುವ ಪ್ರಶ್ನೆ ಹಾಕಬೇಡಿ. ಮುಂದೆ ಏನು ಆಡಲು ಇಷ್ಟ ಎಂದಷ್ಟೇ ಕೇಳಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ಮಾತ್ರ ಮಾಡಬೇಡಿ.

ಸೆಷನ್ ದಿನ ಮೊದಲ ಇಪ್ಪತ್ತು ನಿಮಿಷ ಇದಕ್ಕಿರಲಿ. ಮಾತು ನಿಮ್ಮಿಂದ ಶುರುವಾಗಲಿ: "ಆ ರಾತ್ರಿ ನಾನು ತೀರ್ಪು ಅವಸರದಲ್ಲಿ ಕೊಟ್ಟೆ. ಬಿಟ್ಟ ಕೈದಿಗಳನ್ನೆಲ್ಲ ತಿರುಗಿಬೀಳಿಸಿದ್ದೂ ನಾನೇ." ಇದು ನಿಜವೂ ಹೌದು, ಇಬ್ಬರ ಮೇಲಿನ ಭಾರವನ್ನು ಇಳಿಸುವುದೂ ಹೌದು. ಆಮೇಲೆ ದಾರಿಗಳನ್ನು ಮೇಜಿನ ಮೇಲಿಡಿ.

ಕಾವಲಿನ ಹೊತ್ತಿಗೆ ಹಿಂತಿರುಗಿ ದೃಶ್ಯವನ್ನು ಮತ್ತೆ ಆಡುವುದು ಒಂದು ದಾರಿ. ಚೊಕ್ಕವಾಗಿ ಕಾಣುತ್ತದೆ, ಆದರೆ ರೋಗ್ ಆಡುವವರಿಗೆ ಶಿಕ್ಷೆಯ ಹಾಗೆ ಅನಿಸಬಹುದು. ಮುಂದೆ ಬೇಡದ ಫಲಿತಾಂಶ ಬಂದಾಗಲೆಲ್ಲ 'ಹಿಂದಕ್ಕೆ ಹೋಗೋಣ' ಎಂಬ ಕೋರಿಕೆಯೂ ಬರುತ್ತದೆ. ಇಬ್ಬರೂ ಮನಸ್ಸಿಟ್ಟು ಒಪ್ಪಿದರೆ ಮಾತ್ರ ಇದನ್ನು ಹಿಡಿಯಿರಿ.

ನನ್ನ ಒಲವು ಇನ್ನೊಂದರ ಕಡೆ: ಸಾವು ಸಾವೇ ಆಗಿರಲಿ, ಇನಿಶಿಯೇಟಿವ್ ರದ್ದಾಗಲಿ, ಬೆಳಗಿನ ದೃಶ್ಯವನ್ನು ಮಾತಿನಲ್ಲೇ ಆಡಿ. ಅದಕ್ಕೆ ಮುನ್ನ ಇಬ್ಬರು ಆಟಗಾರರಿಂದಲೂ ಒಂದೊಂದು ವಾಕ್ಯ ಬರೆಸಿ: "ಇಷ್ಟಾದ ಮೇಲೂ ನನ್ನ ಪಾತ್ರ ಈ ಪಾರ್ಟಿಯಲ್ಲಿ ಉಳಿಯುವುದು ಯಾಕೆಂದರೆ..." ಪ್ಯಾಲಡಿನ್ "ಇವನನ್ನು ನನ್ನ ಕಣ್ಣಳತೆಯಿಂದ ದೂರ ಬಿಡಲಾರೆ" ಎನ್ನಬಹುದು. ರೋಗ್ "ನನ್ನನ್ನು ಸೆರೆಮನೆಯಿಂದ ಬಿಡಿಸಿದವನು ಇವನೇ" ಎನ್ನಬಹುದು. ಕಾರಣ ಸಿಕ್ಕಿತೆಂದರೆ ಜಗಳ ಎಷ್ಟು ಬಿಸಿಯಾದರೂ ಪಾರ್ಟಿ ಒಡೆಯುವುದಿಲ್ಲ. ಲೋಕದಲ್ಲೂ ಪರಿಣಾಮ ಇರಲಿ. ಶರಣಾದ ನಾಯಕನನ್ನು ಕೊಂದರು ಎಂಬ ಸುದ್ದಿ ಹಬ್ಬಿ ಉಳಿದ ಡಕಾಯಿತರು ಈ ಪಾರ್ಟಿಗೆ ಇನ್ನು ಶರಣಾಗುವುದಿಲ್ಲ, ಕಡೆಯವರೆಗೂ ಹೋರಾಡುತ್ತಾರೆ. ಇಲ್ಲಿರುವ ಅಪಾಯವೆಂದರೆ ಇದು ಡಿಎಂ ತೀರಿಸಿಕೊಂಡ ಸೇಡಾಗಿ ಕಾಣಬಹುದು. ಹಾಗಾಗಿ ಇನ್ನೊಂದು ಬದಿಯನ್ನೂ ತೋರಿಸಿ: ಆ ನಾಯಕನಿಂದ ಮನೆಮಠ ಕಳೆದುಕೊಂಡವಳೊಬ್ಬಳು ರೋಗ್‌ಗೆ ಕೈಮುಗಿಯಲಿ, ಪ್ಯಾಲಡಿನ್ ಅದನ್ನು ನೋಡಲಿ.

ಒಂದು ಪಾತ್ರ ಹೊರಟುಹೋಗುವುದು ಮೂರನೆಯ ದಾರಿ. ಕೆಲವೊಮ್ಮೆ ಅದೇ ಪ್ರಾಮಾಣಿಕವಾದದ್ದು. ಹೊರಡುವ ಪಾತ್ರಕ್ಕೆ ಒಂದು ಒಳ್ಳೆಯ ಬೀಳ್ಕೊಡುಗೆ ಕೊಡಿ, ಹೊಸ ಪಾತ್ರ ಅದೇ ಲೆವೆಲ್‌ನಲ್ಲಿ ಬರಲಿ, ಹಳೆಯ ಪಾತ್ರವನ್ನು ನೀವು ಎನ್‌ಪಿಸಿಯಾಗಿ (ಡಿಎಂ ಆಡಿಸುವ ಪಾತ್ರವಾಗಿ) ಬಳಸಬಹುದೇ ಎಂದು ಕೇಳಿಕೊಳ್ಳಿ. ಕೇಳದೆ ಅದನ್ನು ಖಳನಾಗಿ ಕರೆತಂದರೆ ಹೊಸ ಗಾಯವಾಗುತ್ತದೆ. ಯಾರು ಹೊರಡಬೇಕು ಎಂಬುದನ್ನು ಮತಕ್ಕೆ ಹಾಕಬೇಡಿ.

ಮುಂದೆ ಇಂಥ ಗಳಿಗೆ ಬಂದಾಗ

ಎರಡು ಗುರುತು ನೆನಪಿಡಿ: ಕೆಲಸ ಮತ್ತೆ ಸರಿಪಡಿಸಲಾಗದ್ದೇ? ಇನ್ನೊಬ್ಬ ಆಟಗಾರರು ಅದರ ಮೇಲೆ ಏನನ್ನಾದರೂ ಪಣಕ್ಕಿಟ್ಟಿದ್ದಾರೆಯೇ? ಎರಡಕ್ಕೂ ಹೌದು ಎಂದಾದರೆ ಆಟ ನಿಲ್ಲಿಸಿ, ಪಾತ್ರಗಳನ್ನು ಬದಿಗಿಟ್ಟು ಆಟಗಾರರನ್ನು ಕೇಳಿ. ಮೇಜಿನಲ್ಲಿ ಅದು ಹೀಗಿರುತ್ತದೆ:

"ಅವನ ಕತ್ತು ಕೊಯ್ಯುತ್ತೇನೆ."

"ಒಂದ್ನಿಮಿಷ. ಚೂರಿ ಕೈಯಲ್ಲಿದೆ, ಇನ್ನೂ ತಾಗಿಲ್ಲ. ಪ್ಯಾಲಡಿನ್ ಇವನಿಗೆ ಮಾತು ಕೊಟ್ಟಿದ್ದಾನೆ. ಪ್ಯಾಲಡಿನ್ ಆಡುವವರೇ, ನೀವೇನಂತೀರಿ, ಇದು ಆಗಿಹೋದರೆ ನಿಮಗೆ ಆಡೋಕೆ ಸರಿಯಾ?"

"ಸಾಯೋದಾದರೆ ಸಾಯಲಿ, ಆದರೆ ನಾನು ಮಲಗಿರೋವಾಗ ಬೇಡ. ನಾನು ಎದ್ದು ನೋಡ್ತೀನಿ."

"ರೋಗ್, ಅದು ನಿಮಗೆ ಓಕೆನಾ?"

"ಓಕೆ. ಪ್ಯಾಲಡಿನ್ ಎದ್ದು ಕೂತಾಗಲೂ ನಾನು ಚೂರಿ ಕೆಳಗಿಳಿಸಲ್ಲ."

ಅರ್ಧ ನಿಮಿಷದ ಮಾತು ಇದು. ಸನ್ನಿವೇಶ ಸಪ್ಪೆಯಾಗುವ ಬದಲು ಇನ್ನಷ್ಟು ಬಿಗಿಯಾಗುತ್ತದೆ. ಮಲಗಿದವನಿಗೆ ಹೇಗೆ ಗೊತ್ತಾಯಿತು, ಇದು ಮೆಟಾಗೇಮಿಂಗ್ (ಪಾತ್ರಕ್ಕೆ ಗೊತ್ತಿಲ್ಲದ್ದನ್ನು ಆಟಗಾರರು ಬಳಸುವುದು) ಅಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಶತ್ರುವಿನ ಗುಟ್ಟನ್ನು ಪಾತ್ರಕ್ಕೆ ಸೋರಿಸಿ ಗೆಲ್ಲುವುದು ಬೇರೆ, ಎಲ್ಲರೂ ಕೂಡಿ ಕಟ್ಟುತ್ತಿರುವ ಕಥೆ ಎತ್ತ ಹೋಗಲಿ ಎಂದು ಕೇಳಿಕೊಳ್ಳುವುದು ಬೇರೆ. ಪ್ಯಾಲಡಿನ್‌ಗೆ ಎಚ್ಚರವಾಗಲು ಒಂದು ಕೆಮ್ಮು ಸಾಕು. ಆಟಗಾರರು "ಬೇಡವೇ ಬೇಡ" ಎಂದರೆ ರೋಗ್ ಬೇರೆ ಏನು ಮಾಡಬಹುದು ಎಂದು ಅವರನ್ನೇ ಕೇಳಿ.

ಒಂದು ಪಾತ್ರ ಇನ್ನೊಂದು ಪಾತ್ರದ ಮೇಲೆಯೇ ಕೈಮಾಡಿದಾಗ ಚೆನ್ನಾಗಿ ನಡೆಯುವ ಮನೆನಿಯಮ ಒಂದಿದೆ: ಏಟು ತಿನ್ನುವ ಕಡೆಯ ಆಟಗಾರರೇ ಫಲಿತಾಂಶ ಹೇಳುತ್ತಾರೆ. ತಾಗಿತು, ತಪ್ಪಿತು, ಅಥವಾ ದಾಳ ಉರುಳಲಿ, ಈ ಮೂರರಲ್ಲಿ ಯಾವುದು ಎಂದು ಅವರದೇ ಆಯ್ಕೆ. ಜೇಬು ಕತ್ತರಿಸುವುದು, ಮನಸ್ಸು ತಿರುಗಿಸುವ ಚಾರ್ಮ್ ಪರ್ಸನ್, ಸಜೆಷನ್ ಮಂತ್ರಗಳು ಎಲ್ಲಕ್ಕೂ ಇದು ಅನ್ವಯಿಸಲಿ. ಪರ್ಸುಯೇಷನ್ (ಮನವೊಲಿಕೆ) ರೋಲ್‌ನಿಂದ ಜೊತೆಗಾರನ ಪಾತ್ರದ ಮನಸ್ಸನ್ನು ತಿರುಗಿಸಬಾರದು. 20 ಬಿದ್ದರೆ ಮಾತು ಸೊಗಸಾಗಿತ್ತು ಎಂದಷ್ಟೇ ಅರ್ಥ, ಒಪ್ಪುವುದು ಬಿಡುವುದು ಆ ಆಟಗಾರರದು. ಈ ನಿಯಮದಲ್ಲಿ ಒಬ್ಬರು ಪ್ರತಿ ಸಲವೂ "ತಪ್ಪಿತು" ಎನ್ನುತ್ತಿದ್ದರೆ, ಪಾರ್ಟಿಯೊಳಗಿನ ಕಾದಾಟ ಅವರಿಗೆ ಬೇಡ ಎಂದು ತಿಳಿಯಿರಿ.

ಪಾತ್ರಗಳ ನಡುವಿನ ವಾದಕ್ಕೆ ಗಡಿಯಾರದ ಹತ್ತು ನಿಮಿಷ ಕೊಡಿ. ಒಂದೇ ಮಾತು ಮೂರನೇ ಸಲ ಸುತ್ತಿ ಬಂದರೆ ಅದಕ್ಕೂ ಮೊದಲೇ ನಿಲ್ಲಿಸಿ. ಮತ ಹಾಕಿಸುವುದನ್ನು ನಾನು ಇಷ್ಟಪಡುವುದಿಲ್ಲ. ಮೂರಕ್ಕೆ ಒಂದು ಬಂದರೆ ಆ ಒಬ್ಬರು ಇಡೀ ಸಂಜೆ ಒಂಟಿ. ಬದಲಿಗೆ ಇಬ್ಬರನ್ನೂ "ನಿಮ್ಮ ಮಾತು ನಡೆಯದಿದ್ದರೆ ಬದಲಿಗೆ ಏನು ಬೇಕು?" ಎಂದು ಕೇಳಿ. ಕೈದಿ ಬದುಕಲಿ, ಆದರೆ ಕೋಳದ ಕೀಲಿ ರೋಗ್‌ನ ಕೈಯಲ್ಲಿರಲಿ, ಇಂಥ ರಾಜಿಗಳು ಇಲ್ಲಿಂದ ಹುಟ್ಟುತ್ತವೆ. ಬರ್ನಿಂಗ್ ವೀಲ್ ಎಂಬ ಆಟದಲ್ಲಿ ವಾಗ್ವಾದಕ್ಕೇ ಪೂರ್ತಿ ನಿಯಮವಿದೆ, ಗೆದ್ದವನೂ ವಾದದಲ್ಲಿ ತಾನು ಎಷ್ಟು ಪೆಟ್ಟು ತಿಂದನೋ ಅದಕ್ಕೆ ತಕ್ಕಷ್ಟು ಬಿಟ್ಟುಕೊಡಬೇಕು. ನಿಯಮ ಬೇಡ, ಆ ತತ್ವ ಎರವಲು ಪಡೆದರೆ ಸಾಕು.

ಚಿತ್ರಹಿಂಸೆ, ಮಕ್ಕಳ ಮೇಲಿನ ಕ್ರೌರ್ಯ ಇಂಥವು ರಾಜಿಯ ವಿಷಯಗಳಲ್ಲ. ಯಾವುದು ಆಟಕ್ಕೆ ಬರಲೇಬಾರದು, ಯಾವುದು ಬಂದರೂ ಪರದೆಯ ಹಿಂದೆ ಮುಗಿಯಬೇಕು ಎಂದು ಮೊದಲೇ ಪಟ್ಟಿ ಮಾಡಿಕೊಳ್ಳುವ ಕ್ರಮಕ್ಕೆ ಲೈನ್ಸ್ ಅಂಡ್ ವೇಲ್ಸ್ ಎನ್ನುತ್ತಾರೆ. ನೀವು ಸೆಷನ್ ಜೀರೋ (ಆಟ ಶುರುವಾಗುವ ಮುನ್ನ ಕೂತು ಮಾತಾಡಿಕೊಳ್ಳುವ ಸೆಷನ್) ಮಾಡಿರದಿದ್ದರೆ ಆ ಇಪ್ಪತ್ತು ನಿಮಿಷದಲ್ಲೇ ಇದನ್ನೂ ಮಾಡಿ. ಪಟ್ಟಿಗೆ ಸೇರಿಸುವವರು ಕಾರಣ ಹೇಳಬೇಕಿಲ್ಲ.

ರೋಗ್ ಆಡುವವರು "ನನ್ನ ಪಾತ್ರ ಏನು ಮಾಡಬೇಕೆಂದು ಬೇರೆಯವರ ಅನುಮತಿ ಕೇಳಲಾರೆ" ಎನ್ನಬಹುದು. ಆಗ ತತ್ವದ ಚರ್ಚೆಗೆ ಇಳಿಯಬೇಡಿ. ಅದೇ ನಿಯಮ ಅವರನ್ನೂ ಕಾಪಾಡುತ್ತದೆ ಎಂದು ತೋರಿಸಿ: ನಾಳೆ ಅವರು ಮಲಗಿದ್ದಾಗ ಪ್ಯಾಲಡಿನ್ ಅವರ ಚೂರಿಗಳನ್ನೆಲ್ಲ ಹೊಳೆಗೆ ಎಸೆಯುವ ಮುನ್ನವೂ ಇದೇ ಪ್ರಶ್ನೆ ಬರುತ್ತದೆ. ಮೂರು ಸೆಷನ್‌ಗಳ ಮಟ್ಟಿಗೆ ಪ್ರಯೋಗ ಮಾಡೋಣ, ಆಮೇಲೆ ಬೇಡವೆನಿಸಿದರೆ ಬಿಡೋಣ ಎನ್ನಿ. ಆಗಲೂ ಒಪ್ಪದಿದ್ದರೆ ಅವರಿಗೆ ಬೇಕಾದ ಆಟ ಬೇರೆ, ಉಳಿದ ಮೂವರಿಗೆ ಬೇಕಾದದ್ದು ಬೇರೆ. ಸ್ನೇಹ ಉಳಿಸಿಕೊಂಡು, ಈ ಕ್ಯಾಂಪೇನ್ ಅನ್ನು ಮೂವರು ಆಟಗಾರರೊಂದಿಗೆ ಮುಂದುವರಿಸಿ. ಹಾಗೆ ಮಾಡುವಾಗ ಎನ್‌ಕೌಂಟರ್‌ಗಳಲ್ಲಿ (ಕಾದಾಟಗಳಲ್ಲಿ) ಶತ್ರುಗಳ ಸಂಖ್ಯೆಯನ್ನು ಕಾಲುಭಾಗದಷ್ಟು ಇಳಿಸಿಕೊಳ್ಳಿ, ಬೀಗ ಮತ್ತು ಬೋನುಗಳ ಕೆಲಸಕ್ಕೆ ಉಳಿದವರಲ್ಲಿ ಯಾರಾದರೂ ತೀವ್ಸ್ ಟೂಲ್ಸ್ (ಕಳ್ಳರ ಉಪಕರಣ) ಬಳಸಲು ಕಲಿಯುವಂತೆ ಮಾಡಿ.